ವೋಲ್ಟೇಜ್ ನಂಬರ್ ಎರವಲು ತರಬೇಡಿ

ಮಾನ್ಯ ಸಂಪಾದಕರೇ,

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದೇನೆ. ಹೋದ ವಾರ ನಮ್ಮ ಬೀದಿಯ ಇಂಜಿನಿಯರಿಂಗ್ ಹುಡುಗ ಕಂಪ್ಯೂಟರ್ ಹೊತ್ತುಕೊಂಡು ಬಂದ. "ಅಣ್ಣಾ, ಗೇಮ್ ಆಡ್ತಾ ಆಡ್ತಾ ಆಫ್ ಆಗ್ಬಿಡುತ್ತೆ" ಅಂದ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ನೋಡಿದರೆ ಕೋರ್ ವೋಲ್ಟೇಜ್, ಅಂದರೆ ಪ್ರೊಸೆಸರ್ ಚಿಪ್‌ಗೆ ಕೊಡುವ ವೋಲ್ಟೇಜ್, 1.42. ಯಾಕಪ್ಪಾ ಇಷ್ಟು ಎಂದು ಕೇಳಿದೆ. ಪ್ರೊಸೆಸರ್ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಲು (ಇದಕ್ಕೆ ಓವರ್‌ಕ್ಲಾಕಿಂಗ್ ಅಂತಾರೆ, ವೇಗ ಏರಿಸಿದರೆ ವೋಲ್ಟೇಜೂ ಜಾಸ್ತಿ ಬೇಕು) ಯಾವುದೋ ವಿಡಿಯೋದಲ್ಲಿದ್ದ ನಂಬರನ್ನು ಹಾಗೇ ಹಾಕಿದ್ದಾನೆ. ಈ ತಿಂಗಳು ಹೀಗೆ ಬಂದವರಲ್ಲಿ ಇವನು ಮೂರನೆಯವನು. ಅದಕ್ಕೇ ಈ ಪತ್ರ.

ನಾನೂ ಪೆಟ್ಟು ತಿಂದೇ ಕಲಿತವನು. ನನ್ನದು ಇಂಟೆಲ್ ಐ5-9600ಕೆ ಪ್ರೊಸೆಸರ್. ಆಷಾಢದಲ್ಲಿ ಮದುವೆ ಇಲ್ಲ, ಕೈ ಖಾಲಿ. ಆಗ ಅದನ್ನು 4.8 ಗಿಗಾಹರ್ಟ್ಸ್‌ಗೆ ಏರಿಸಿದೆ. 1.20 ವೋಲ್ಟ್‌ನಿಂದ ಶುರು ಮಾಡಿ, ಹ್ಯಾಂಗ್ ಆದಾಗಲೆಲ್ಲ 0.01 ಸೇರಿಸುತ್ತಾ ಹೋದೆ. 1.24ರಲ್ಲಿ ಪ್ರೊಸೆಸರನ್ನು ದುಡಿಸಿ ಪರೀಕ್ಷಿಸುವ ಪ್ರೈಮ್95 ಪ್ರೋಗ್ರಾಂ ಒಂದು ಗಂಟೆ ಓಡಿತು. ಸಾಕು ಅಂದುಕೊಂಡೆ. ಹೊರಗೆ ಜಡಿಮಳೆ, ರೂಮಿನಲ್ಲಿ 22 ಡಿಗ್ರಿ. ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ವೈಶಾಖ ಬಂತು. ಮೇ ತಿಂಗಳ ಮಧ್ಯಾಹ್ನ, ನನ್ನ ಶೀಟಿನ ರೂಮಿನಲ್ಲಿ 34 ಡಿಗ್ರಿ. ಅರಕಲಗೂಡಿನ ಮದುವೆಯೊಂದರ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಫೈಲ್ ಮಾಡುವ ಕೆಲಸ) ಧಾರೆ ದಾಟಿ ಅರುಂಧತಿ ತೋರಿಸುವಲ್ಲಿಗೆ ಬಂದಿತ್ತು. ಸ್ಕ್ರೀನ್ ನೀಲಿಯಾಗಿ ಕಂಪ್ಯೂಟರ್ ನಿಂತೇಹೋಯಿತು. ಹೆಣ್ಣಿನ ತಂದೆ ಪೆನ್‌ಡ್ರೈವ್ ಹಿಡಿದು ಪಕ್ಕದಲ್ಲೇ ಕೂತಿದ್ದರು. ಕಂಪ್ಯೂಟರ್ ತನ್ನ ದೋಷಗಳನ್ನು ದಾಖಲಿಸುವ ಇವೆಂಟ್ ವ್ಯೂವರ್ ತೆಗೆದರೆ ಎರಡು ವಾರದಿಂದ ಹಾರ್ಡ್‌ವೇರ್ ಎರರ್‌ಗಳು ಸಾಲುಗಟ್ಟಿದ್ದವು. ಪ್ರೊಸೆಸರ್ ಅಷ್ಟು ದಿನ ತಪ್ಪು ಮಾಡುತ್ತಾ ತಾನೇ ತಿದ್ದಿಕೊಳ್ಳುತ್ತಾ ಬಂದಿತ್ತು. 1.26ಕ್ಕೆ ಏರಿಸಿ, ಮತ್ತೆ ಮಧ್ಯಾಹ್ನ ಎರಡು ಗಂಟೆಗೇ ಪರೀಕ್ಷೆ ಮಾಡಿದೆ. ಅಲ್ಲಿಂದ ಈಚೆಗೆ ಒಂದೂ ಎರರ್ ಇಲ್ಲ.

5.0 ಗಿಗಾಹರ್ಟ್ಸ್‌ನ ಆಸೆಯೂ ಇತ್ತು. ಅದಕ್ಕೆ ಈ ಚಿಪ್ 1.36 ಕೇಳಿತು. ಶಾಖ ವೇಗದ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ ಲೆಕ್ಕದಲ್ಲೂ ಏರುತ್ತದೆ. ವೇಗ ಸಿಗುವುದು 4 ಪರ್ಸೆಂಟ್, ಶಾಖ ಜಾಸ್ತಿಯಾಗುವುದು ಸುಮಾರು 21 ಪರ್ಸೆಂಟ್. ಒಂದು ಗಂಟೆಯ ರೆಂಡರ್‌ನಲ್ಲಿ ಎರಡೂವರೆ ನಿಮಿಷವೂ ಉಳಿಯುವುದಿಲ್ಲ. ಸುಮ್ನೆ ಯಾಕೆ ಅಂತ 4.8ಕ್ಕೇ ವಾಪಸ್ ತಂದೆ.

ಆ ಹುಡುಗನದೂ ಇದೇ ಮಾಡೆಲ್ ಚಿಪ್. ಆದರೂ 4.7ಕ್ಕೇ ಅದಕ್ಕೆ 1.27 ಬೇಕಾಯಿತು. ಒಂದೇ ಹೆಸರಿನ ಎರಡು ಚಿಪ್ ಒಂದೇ ಥರ ಇರುವುದಿಲ್ಲ. ಚಿಪ್ ಕೂರುವ ಮದರ್‌ಬೋರ್ಡ್‌ಗಳೂ ಅಷ್ಟೇ. ಪಂಪ್‌ಸೆಟ್ ಶುರುವಾದರೆ ಮನೆಯ ಬಲ್ಬ್ ಮಂಕಾಗುತ್ತದೆ ಅಲ್ವಾ? ಹಾಗೆಯೇ ಕೆಲಸ ಜಾಸ್ತಿಯಾದಾಗ ಪ್ರೊಸೆಸರ್‌ಗೆ ಬರುವ ವೋಲ್ಟೇಜ್ ಇಳಿಯುತ್ತದೆ. ನನ್ನ ಬಯೋಸ್‌ನಲ್ಲಿ 1.26 ಇದ್ದರೂ ರೆಂಡರ್ ವೇಳೆ 1.21 ತೋರಿಸುತ್ತದೆ. ಈ ಇಳಿತವನ್ನು ಸರಿದೂಗಿಸುವ ಲೋಡ್‌ಲೈನ್ ಸೆಟ್ಟಿಂಗ್ ಒಂದೊಂದು ಬೋರ್ಡ್‌ನಲ್ಲಿ ಒಂದೊಂದು ಥರ. ವಿಡಿಯೋದವರ 1.42 ಇವನ ಬೋರ್ಡ್‌ನಲ್ಲಿ ಅದೇ 1.42 ಆಗಿ ಉಳಿಯುವುದಿಲ್ಲ.

ಜಾಸ್ತಿ ವೋಲ್ಟೇಜ್ ಚಿಪ್ಪನ್ನೇ ಸವೆಸುತ್ತದೆ. ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿ ವೋಲ್ಟೇಜ್‌ನಿಂದ ಕೆಡುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಪ್ರೊಸೆಸರ್ 1.55 ವೋಲ್ಟ್ ದಾಟಿ ಕೇಳದಂತೆ ಅದರೊಳಗಿನ ಮೈಕ್ರೋಕೋಡ್ ಎಂಬ ಮೂಲ ಪ್ರೋಗ್ರಾಂ ಬದಲಿಸಿತು. ಅಷ್ಟರಲ್ಲಿ ಕೆಟ್ಟುಹೋದ ಚಿಪ್‌ಗಳನ್ನು ಆ ಬದಲಾವಣೆ ಸರಿಮಾಡಲಿಲ್ಲ. ಸಾಲ ಮಾಡಿ ಕಂಪ್ಯೂಟರ್ ಕೊಡಿಸಿದ ತಂದೆತಾಯಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮೊಬೈಲ್ ವಿಷಯ ಬೇಕಾದಷ್ಟು ಬರುತ್ತದೆ. ಇದನ್ನೂ ಒಮ್ಮೆ ಕನ್ನಡದಲ್ಲಿ ಬಿಡಿಸಿ ಬರೆಸಿ. ವೋಲ್ಟೇಜ್, ರೂಮಿನ ಶಾಖ, ಎಷ್ಟು ನಿಮಿಷಕ್ಕೆ ಹ್ಯಾಂಗ್ ಆಯಿತು ಎಂದು ನಾನು ಬರೆದಿಟ್ಟ ನೋಟ್‌ಬುಕ್ ಇದೆ. ಬರೆಯುವವರಿಗೆ ಖುಷಿಯಿಂದ ಕೊಡುತ್ತೇನೆ.

– ಮದುವೆ ವಿಡಿಯೋ ಎಡಿಟರ್, ಹಾಸನ