ಊರು ಬಿಟ್ಟವರ ಹೆಸರು ಬರೆದಿಡುವ ಕೆಲಸ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಐರ್ಲೆಂಡಿನ ಸಂತ ಪ್ಯಾಟ್ರಿಕ್‌ರ ಹಬ್ಬಕ್ಕೆಂದು ಷಿಕಾಗೊ ನಗರದ ನದಿಗೆ ಹಸಿರು ಬಣ್ಣ ಹಾಕಿದ ಚಿತ್ರ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಪ್ರಕಟವಾಗಿತ್ತು. ಅಮೆರಿಕದ ಐರಿಷ್ ಮೂಲದವರೆಂದರೆ ಹಸಿರು ಟೊಪ್ಪಿಗೆ, ಬ್ಯಾಂಡು, ಮೆರವಣಿಗೆ ಎಂಬ ತಿಳಿವಳಿಕೆ ನಮ್ಮಲ್ಲಿ ಇಂಥ ಚಿತ್ರಗಳಿಂದಲೇ ಬೇರೂರಿದೆ. ಷಿಕಾಗೊದ ರೂಢಿ 1962ರಲ್ಲಿ ಶುರುವಾದದ್ದು. ನ್ಯೂಯಾರ್ಕಿನ ಮೆರವಣಿಗೆ ಮಾತ್ರ 1762ರಷ್ಟು ಹಳೆಯದು, ಅಂದರೆ ಅಮೆರಿಕ ಸ್ವತಂತ್ರ ದೇಶವಾಗುವುದಕ್ಕೂ ಮುಂಚಿನದು. ಆದರೆ ಐದಾರು ತಲೆಮಾರು ಕಳೆದ ಮೇಲೂ ಅಮೆರಿಕದಲ್ಲಿ ಮೂರು ಕೋಟಿಗಿಂತ ಹೆಚ್ಚು ಜನ, ಕೆನಡಾದಲ್ಲಿ ನಲವತ್ತು ಲಕ್ಷಕ್ಕೂ ಮಿಕ್ಕಿದ ಜನ ಗಣತಿಯ ವೇಳೆ ತಮ್ಮದು ಐರಿಷ್ ಮೂಲವೆಂದು ಬರೆಸುತ್ತಾರೆಂದರೆ ಅದಕ್ಕೆ ವರ್ಷಕ್ಕೊಮ್ಮೆ ಬರುವ ಮೆರವಣಿಗೆಯೊಂದೇ ಕಾರಣವಾಗಿರಲಾರದು. ಆ ಕಾರಣಗಳನ್ನು ಉತ್ತರ ಕನ್ನಡದವರಾದ ನಾವು, ಅದರಲ್ಲೂ ಮಕ್ಕಳನ್ನು ಸಮುದ್ರದಾಚೆ ಕಳಿಸಿ ಕೂತಿರುವ ಶಿರಸಿ, ಸಿದ್ದಾಪುರ, ಕುಮಟೆ, ಹೊನ್ನಾವರದ ಮನೆಯವರು ವಿಚಾರ ಮಾಡಬೇಕೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಬಡ ಒಕ್ಕಲುಗಳಿಗೆ ವರ್ಷದ ಬಹುಪಾಲು ಅದೇ ಅನ್ನ. ದೇಶದಲ್ಲಿ ಧಾನ್ಯ ಬೆಳೆಯುತ್ತಿದ್ದರೂ ಅದು ಗೇಣಿಗೂ ಮಾರಾಟಕ್ಕೂ ಹೋಗುತ್ತಿತ್ತು, ಅದರಲ್ಲಿ ಒಂದು ಭಾಗ ಹಡಗು ಹತ್ತಿ ಹೊರದೇಶಕ್ಕೂ ಸಾಗುತ್ತಿತ್ತು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು, ಅಷ್ಟೇ ಜನ ಅಥವಾ ಇನ್ನೂ ಹೆಚ್ಚು ಜನ ದೇಶ ಬಿಟ್ಟರು. ಗೇಣಿ ಕೊಡಲಾಗದವರನ್ನು ಹೊರಹಾಕಿದ ಭೂಮಾಲಿಕರಲ್ಲಿ ಕೆಲವರು ತಾವೇ ಹಡಗಿನ ಖರ್ಚು ಕೊಟ್ಟು ಸಾಗಹಾಕಿದ್ದೂ ಉಂಟು. ಸ್ಟ್ರೋಕ್ಸ್‌ಟೌನ್ ಎಂಬ ಒಂದೇ ಜಹಗೀರಿನಿಂದ 1847ರಲ್ಲಿ 1,490 ಜನ ಹೀಗೆ ಹೊರಟರು. ಕೆನಡಾದ ಕಾಡಿನಿಂದ ಬ್ರಿಟನ್ನಿಗೆ ಮರಮಟ್ಟು ತಂದು ಇಳಿಸಿದ ಹಡಗುಗಳು ಖಾಲಿ ಮರಳುವ ಬದಲು ಇವರನ್ನು ಅಗ್ಗದ ದರಕ್ಕೆ ತುಂಬಿಕೊಂಡು ಹೋದವು. ಮರದ ದಿಮ್ಮಿಗೆಂದು ಕಟ್ಟಿದ ಆ ಒಡಲಿನಲ್ಲಿ ವಾರಗಟ್ಟಲೆ ಮನುಷ್ಯರಿದ್ದರು. ಟೈಫಸ್ ಜ್ವರ ಹಬ್ಬುವುದಕ್ಕೆ ಇನ್ನೇನು ಬೇಕಿತ್ತು?

ಕ್ವಿಬೆಕ್ ನಗರದ ಕೆಳಗೆ, ಸೇಂಟ್ ಲಾರೆನ್ಸ್ ನದಿಯಲ್ಲಿ ಗ್ರೋಸ್ ಈಲ್ ಎಂಬ ನಡುಗಡ್ಡೆಯಿದೆ. ಹಡಗಿನ ರೋಗಿಗಳನ್ನು ತಡೆದು ಇರಿಸುವುದಕ್ಕೆಂದು 1832ರಲ್ಲಿ ಅಲ್ಲೊಂದು ಠಾಣೆ ಮಾಡಿದ್ದರು. ಮಾಂಟ್ರಿಯಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾನು ಆ ನಡುಗಡ್ಡೆಯನ್ನು ನೋಡಿ ಬಂದಿದ್ದೇನೆ. ಐರಿಷರ ಸ್ಮಶಾನದ ಹುಲ್ಲು ನೆಲ ಇಂದಿಗೂ ಸಮತಟ್ಟಾಗಿಲ್ಲ. ಉದ್ದುದ್ದ ಅಗಳು ತೋಡಿ ಸಾಲಾಗಿ ಹೂತದ್ದರಿಂದ ಏರುತಗ್ಗು ಹಾಗೆಯೇ ಉಳಿದಿದೆ. 1847ರ ಒಂದೇ ವರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಆ ಮಣ್ಣು ಸೇರಿದರು. ಗುಡ್ಡದ ಮೇಲೆ ಅಮೆರಿಕದ ಐರಿಷ್ ಸಂಘವಾದ ಏನ್ಷಂಟ್ ಆರ್ಡರ್ ಆಫ್ ಹೈಬರ್ನಿಯನ್ಸ್ 1909ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲಿನ ಶಿಲುಬೆಯಿದೆ, ಅದರ ಮೇಲೆ ಐರಿಷ್, ಇಂಗ್ಲಿಷ್, ಫ್ರೆಂಚ್ ಮೂರೂ ಭಾಷೆಗಳಲ್ಲಿ ಬರಹವಿದೆ. ಸ್ಮಶಾನದ ಹತ್ತಿರ, ಸತ್ತವರ ಹೆಸರುಗಳನ್ನು ಕೊರೆದ ಗಾಜಿನ ಫಲಕಗಳನ್ನು ನಿಲ್ಲಿಸಿದ್ದಾರೆ. ನಾನಲ್ಲಿ ನಿಂತಿದ್ದಾಗ ಒಬ್ಬ ಹೆಂಗಸು ಒಂದೊಂದೇ ಸಾಲನ್ನು ಬೆರಳಿನಿಂದ ಸವರುತ್ತ ತನ್ನ ಮನೆತನದ ಹೆಸರು ಹುಡುಕುತ್ತಿದ್ದರು, ಸಿಕ್ಕಿದಾಗ ಪಕ್ಕದಲ್ಲಿದ್ದ ಮೊಮ್ಮಗನ ಕೈಯನ್ನು ಆ ಅಕ್ಷರಗಳ ಮೇಲೆ ಇರಿಸಿದರು.

ತಂದೆ ತಾಯಿ ಸತ್ತು ಅನಾಥರಾದ ಮಕ್ಕಳನ್ನು ಕ್ವಿಬೆಕ್ಕಿನ ಫ್ರೆಂಚ್ ಮನೆಗಳು ಸಾಕಿಕೊಂಡವು, ಹಲವರಿಗೆ ಅವರ ಐರಿಷ್ ಅಡ್ಡಹೆಸರನ್ನು ಹಾಗೆಯೇ ಉಳಿಸಿದವು. ಮಾಂಟ್ರಿಯಲ್‌ನಲ್ಲಿ ವಿಕ್ಟೋರಿಯಾ ಸೇತುವೆ ಕಟ್ಟುತ್ತಿದ್ದ ಕೂಲಿಗಳು, ಜ್ವರದಿಂದ ಸತ್ತ ಆರು ಸಾವಿರ ವಲಸಿಗರ ನೆನಪಿಗೆಂದು, ನದಿಯಿಂದ ಎತ್ತಿದ ದೊಡ್ಡ ಬಂಡೆಯೊಂದನ್ನು 1859ರಲ್ಲಿ ನಿಲ್ಲಿಸಿದರು. ಅಲ್ಲಿನ ಐರಿಷರು ಇಂದಿಗೂ ವರ್ಷಕ್ಕೊಮ್ಮೆ ಅಲ್ಲಿಗೆ ನಡೆದು ಹೋಗುತ್ತಾರೆ. ಹೊಟ್ಟೆಪಾಡಿಗೆ ಬಂದ ಕೂಲಿಕಾರರಿಗೆ ಹೊಳೆದ ಈ ಕೆಲಸ ನಮ್ಮ ಓದಿದವರಿಗೆ, ಅಧಿಕಾರದಲ್ಲಿರುವವರಿಗೆ ಯಾಕೆ ಹೊಳೆಯುತ್ತಿಲ್ಲವೆಂಬುದು ನನ್ನನ್ನು ಬಾಧಿಸುವ ಪ್ರಶ್ನೆ.

ಇನ್ನು ತಾಯ್ನಾಡು ಏನು ಮಾಡಿತು ಎಂಬುದನ್ನೂ ಹೇಳಬೇಕು. 1922ರ ಜೂನ್ 30ರಂದು, ಅಂತರ್ಯುದ್ಧದ ವೇಳೆ, ಡಬ್ಲಿನ್ನಿನ ಸರಕಾರಿ ದಾಖಲೆಗಳ ಕಚೇರಿ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ, ಬರಗಾಲಕ್ಕೆ ಹಿಂದಿನ ಜನಗಣತಿಯ ಹಾಳೆಗಳು ಹೆಚ್ಚುಕಡಿಮೆ ಎಲ್ಲವೂ ಸುಟ್ಟವು. ಉಳಿದುಕೊಂಡದ್ದು ಹಳ್ಳಿಹಳ್ಳಿಯ ಕ್ಯಾಥೊಲಿಕ್ ಚರ್ಚುಗಳಲ್ಲಿದ್ದ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕಗಳು, ಏಕೆಂದರೆ ಅವು ರಾಜಧಾನಿಗೆ ಹೋಗಿರಲೇ ಇಲ್ಲ. ಅವುಗಳ ಪ್ರತಿಯನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡುವಂತೆ ಅಂತರ್ಜಾಲದಲ್ಲಿಟ್ಟಿತು. 1901 ಮತ್ತು 1911ರ ಜನಗಣತಿಯೂ ಹಾಗೆಯೇ ತೆರೆದಿದೆ. ಹೊರದೇಶದಲ್ಲಿರುವ ಐರಿಷ್ ಮೂಲದವರ ಬಗೆಗಿನ ಮಮತೆಯನ್ನು 1998ರ ಜನಮತದಿಂದ ಸಂವಿಧಾನದಲ್ಲಿಯೇ ಬರೆದುಕೊಂಡರು. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳು ಅಲ್ಲಿನ ಪೌರತ್ವ ಪಡೆಯಬಹುದು. ಬಾಸ್ಟನ್ನಿನಲ್ಲಿ ಹುಟ್ಟಿದ ಮೊಮ್ಮಗಳೊಬ್ಬಳು ತನ್ನ ಮುತ್ತಜ್ಜಿ ಯಾವ ಊರಿನ ಯಾವ ಚರ್ಚಿನಲ್ಲಿ ಮದುವೆಯಾದಳೆಂಬುದನ್ನು ಮನೆಯಲ್ಲಿ ಕುಳಿತೇ ಹುಡುಕಬಹುದಾದ್ದರಿಂದ ಆ ನಂಟು ಕಂತೆಪುರಾಣವಾಗದೆ ಉಳಿದಿದೆ.

ಐರಿಷರನ್ನು ಹಾಡಿ ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. 1863ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸೈನ್ಯಭರತಿಯ ವಿರುದ್ಧ ಎದ್ದ ದಂಗೆಯಲ್ಲಿ ಕರಿಯ ಜನರನ್ನು ಕೊಂದು, ಅವರ ಅನಾಥಾಲಯಕ್ಕೆ ಬೆಂಕಿಯಿಟ್ಟ ಗುಂಪಿನಲ್ಲಿ ಐರಿಷ್ ಕೂಲಿಕಾರರು ಬಹಳ ಜನ ಇದ್ದರು. ತಾವು ತುಳಿಸಿಕೊಂಡವರೆಂಬ ನೆನಪು ಇನ್ನೊಬ್ಬರನ್ನು ತುಳಿಯದಂತೆ ಅವರನ್ನು ತಡೆಯಲಿಲ್ಲ. ಇನ್ನೊಂದು ಕಡೆ, ತಮ್ಮ ನೆಲದಿಂದಲೇ ಹೊರದೂಡಲ್ಪಟ್ಟಿದ್ದ ಅಮೆರಿಕದ ಮೂಲನಿವಾಸಿ ಚೋಕ್ಟಾ ಬುಡಕಟ್ಟಿನವರು 1847ರಲ್ಲಿ ಐರ್ಲೆಂಡಿನ ಹಸಿದವರಿಗೆಂದು ಹಣ ಕೂಡಿಸಿ ಕಳಿಸಿದ್ದರು. ಆ ಋಣ ನೆನೆದು 2020ರಲ್ಲಿ, ಕೊರೊನಾ ಕಾಲದಲ್ಲಿ, ಸಾವಿರಾರು ಐರಿಷರು ಚೋಕ್ಟಾಗಳಂತೆಯೇ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಮತ್ತು ಹೋಪಿ ಜನರಿಗೆ ನೆರವು ಕಳಿಸಿದರು. ಇವೆರಡನ್ನೂ ಒಟ್ಟಿಗೇ ಬರೆದಿಡಬೇಕು. ಮೊದಲಿನದನ್ನು ಮರೆಮಾಚಿದ ಪರಂಪರೆ ನನಗೆ ಬೇಡ.

ನಮ್ಮ ಜಿಲ್ಲೆಯಲ್ಲಿ ನೆಲೆ ತಪ್ಪಿದವರಿಗೆ ಕೊರತೆಯಿಲ್ಲ. ಗೋವೆಯಿಂದ ನೂರಾರು ವರ್ಷಗಳ ಹಿಂದೆ ಬಂದ ಕಾರವಾರ, ಅಂಕೋಲೆಯ ಕೊಂಕಣಿ ಮನೆಗಳು ಇಂದಿಗೂ ಕುಲದೇವರಿಗೆ ಮಂಗೇಶಿ, ರಾಮನಾಥಿಗೆ ಹೋಗಿ ಬರುತ್ತವೆ. ಮುಂಡಗೋಡದ ಟಿಬೆಟನ್ನರು 1966ರಿಂದ ಇಲ್ಲಿದ್ದು ತಮ್ಮ ಮಠ, ಶಾಲೆ, ಲಿಪಿಯನ್ನು ಕಾಪಾಡಿಕೊಂಡಿದ್ದಾರೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಜನರ ಪೂರ್ವಜರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣವೇ ಮುಳುಗಿ ಅಲ್ಲಿಯವರು ಜೋಯಿಡಾ ತಾಲೂಕಿನ ರಾಮನಗರದಂಥ ಕಡೆ ನೆಲೆ ಹುಡುಕಿಕೊಂಡರು. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ಆಮೇಲೆ ಸೀಬರ್ಡ್ ನೌಕಾನೆಲೆ, ಹೀಗೆ ಎದ್ದುಹೋದ ಕೇರಿಗಳ ಹೆಸರನ್ನು ಈಗ ಪೂರ್ತಿಯಾಗಿ ಹೇಳಬಲ್ಲವರು ಎಪ್ಪತ್ತು ದಾಟಿದ್ದಾರೆ. ಘಟ್ಟದ ಮೇಲಿನ ಅಡಿಕೆ ತೋಟದ ಮನೆಗಳಲ್ಲಿ ಇಬ್ಬರು ಮುದುಕರು ಮಾತ್ರ ಉಳಿದು, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಸೇರಿದ ಕತೆಯಂತೂ ಎಲ್ಲರಿಗೂ ಗೊತ್ತು.

ನಾನು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಇರುತ್ತವೆ, ಬಲತುದಿಯಲ್ಲಿ ಶಾಲೆ ಬಿಟ್ಟ ಕಾರಣವೆಂಬ ಅಂಕಣವಿರುತ್ತದೆ. ಕಾಳಿ ಕಣಿವೆಯ ಒಂದು ಹಳೆಯ ಶಾಲೆಯ ಪುಸ್ತಕದಲ್ಲಿ ಆ ಅಂಕಣದ ತುಂಬ, ಪುಟದಿಂದ ಪುಟಕ್ಕೆ, ನೀಲಿ ಶಾಯಿಯಲ್ಲಿ ‘ಊರು ಮುಳುಗಡೆ’ ಎಂದೇ ಬರೆದಿದ್ದನ್ನು ನೋಡಿದ್ದೇನೆ. ಅಂಚುಗಳನ್ನು ಆಗಲೇ ಒರಲೆ ತಿಂದಿತ್ತು. ಆ ಮಕ್ಕಳ ಮಟ್ಟಿಗೆ ಗ್ರೋಸ್ ಈಲ್‌ನ ಗಾಜಿನ ಫಲಕಕ್ಕೆ ಸಮಾನವಾದ ದಾಖಲೆ ಇದೊಂದೇ.

ನಮ್ಮ ತೊಡಕು ಒಂದು ಬಗೆಯಲ್ಲಿ ಐರ್ಲೆಂಡಿನದಕ್ಕಿಂತ ಹೆಚ್ಚು. ಈ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತದಲ್ಲಿತ್ತು, ಅಲ್ಲಿಂದ 1956ರವರೆಗೆ ಮುಂಬಯಿಯಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಬಂತು. ಒಂದೇ ಮನೆತನದ ಜಮೀನು ಕಾಗದ ಹುಡುಕಬೇಕಾದವರು ಮೂರು ರಾಜ್ಯಗಳ ಬಾಗಿಲು ತಟ್ಟಬೇಕಾದ ಸ್ಥಿತಿಯಿದೆ. ಅಮೆರಿಕದ ಕನ್ನಡ ಕೂಟಗಳು ರಾಜ್ಯೋತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ, ಮಕ್ಕಳಿಗೆ ಕನ್ನಡ ಕಲಿಸುತ್ತವೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಮೂರನೆಯ ತಲೆಮಾರಿನ ಹುಡುಗ ‘ನಮ್ಮ ಊರು ಯಾವುದು’ ಎಂದು ಕೇಳಿದಾಗ ತೋರಿಸುವುದಕ್ಕೆ ಇಲ್ಲಿ ಒಂದು ಕಾಗದವಾದರೂ ಉಳಿದಿರಬೇಕಲ್ಲವೇ?

ಆದ್ದರಿಂದ ಜಿಲ್ಲಾಡಳಿತ, ಶಿಕ್ಷಣ ಇಲಾಖೆ ಮತ್ತು ರಾಜ್ಯ ಪತ್ರಾಗಾರ ಇಲಾಖೆ ಕೂಡಿ, ಮುಳುಗಡೆಯಾದ ಮತ್ತು ಯೋಜನೆಗಳಿಗೆ ಎತ್ತಂಗಡಿಯಾದ ಊರುಗಳ ಶಾಲಾ ರಜಿಸ್ಟರುಗಳನ್ನು ಮೊದಲು ಸ್ಕ್ಯಾನ್ ಮಾಡಿಸಬೇಕು. ಮೂಲ ಪುಸ್ತಕ ಆಯಾ ಊರಿನವರ ಬಳಿಯೇ ಇರಲಿ, ಪ್ರತಿ ಕಾರವಾರದಲ್ಲೂ ಬೆಂಗಳೂರಿನಲ್ಲೂ ಇರಲಿ. ನಂತರ ದೇವಸ್ಥಾನ, ಚರ್ಚು, ಜಮಾತುಗಳ ಹಳೆಯ ಪುಸ್ತಕಗಳನ್ನು ಅವರವರ ಒಪ್ಪಿಗೆ ಪಡೆದು ಸೇರಿಸಿಕೊಳ್ಳಬಹುದು. ಕಾಗದವೇ ಇಲ್ಲದ ಸಿದ್ದಿ ಜನರ, ಹಾಲಕ್ಕಿ ಒಕ್ಕಲಿಗರ ವಂಶದ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ ಧ್ವನಿಮುದ್ರಿಸಬೇಕು. ಹೊರದೇಶದಲ್ಲಿ ನೆಲೆಸಿದ ನಮ್ಮ ಜಿಲ್ಲೆಯವರು ಇದರ ಖರ್ಚಿಗೆ ಕೈ ಹಚ್ಚಲು ಹಿಂದೆ ಮುಂದೆ ನೋಡಲಾರರು ಎಂಬ ನಂಬಿಕೆ ನನಗಿದೆ. ಕರಾವಳಿಯ ಮಳೆಗೆ ಸೋರುವ ಶಾಲಾ ಕೊಠಡಿಗಳಲ್ಲಿ ಆ ಪುಸ್ತಕಗಳು ಇನ್ನೆಷ್ಟು ಕಾಲ ತಾಳಿಯಾವು ಎಂಬುದು ಗೊತ್ತಿರುವ ಶಿಕ್ಷಕ ಬಂಧುಗಳು ಸರಕಾರದ ಆದೇಶಕ್ಕೆ ಕಾಯದೆ, ಬರುವ ಜೂನ್ ತಿಂಗಳೊಳಗೆ ತಂತಮ್ಮ ಶಾಲೆಯ ಹಳೆಯ ರಜಿಸ್ಟರುಗಳ ಪುಟಗಳ ಫೋಟೋವನ್ನಾದರೂ ತೆಗೆದಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಕಾರವಾರ