ಹಳೆಯ ಲೈಬ್ರರಿ ತುರುಕುವುದು ದುರಸ್ತಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಪ್ರಕಟವಾಗಿದೆ. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಇರುವ ಗಣಕದಲ್ಲಿ, ಬ್ರೌಸರಿನಿಂದ ಡಿಜಿಟಲ್ ಸಹಿ ಹಾಕಿಸುವ ಪ್ಲಗಿನ್ ಕೂರುತ್ತಿಲ್ಲ, ಏನು ಮಾಡಲಿ ಎಂಬುದು ಪ್ರಶ್ನೆ. ಹಳೆಯ ಉಬುಂಟುವಿನ ತಂತ್ರಾಂಶ ಭಂಡಾರದಿಂದ 'ಲಿಬ್‌ಎಸ್‌ಎಸ್‌ಎಲ್ 1.1' ಎಂಬ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ತಂತ್ರಾಂಶದ ಭಾಗವನ್ನು) ಇಳಿಸಿಕೊಂಡು ಹಾಕಿ, ಆಗಲೂ ತಕರಾರು ಬಂದರೆ ಅವಲಂಬನೆಗಳನ್ನು, ಅಂದರೆ ಅದು ಓಡಲು ಬೇಕಾದ ಬೇರೆ ತಂತ್ರಾಂಶಗಳನ್ನು, ಲೆಕ್ಕಿಸದೆ ಪ್ಲಗಿನ್ ಕಟ್ಟಿಟ್ಟ ಪ್ಯಾಕೇಜನ್ನು ಬಲವಂತವಾಗಿ ಸ್ಥಾಪಿಸಿ ಎಂಬುದು ಉತ್ತರ. ಈ ಸಲಹೆಯನ್ನು ಯಾರೂ ಪಾಲಿಸಬಾರದು. ಈಗಾಗಲೇ ಪಾಲಿಸಿದವರು ಅದನ್ನು ತೆಗೆದುಹಾಕಬೇಕು. ಕಾರಣಗಳನ್ನು ಬಿಡಿಸಿ ಹೇಳದಿದ್ದರೆ ಇದು ಬರಿಯ ತಕರಾರಾಗುತ್ತದೆ; ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿಸದೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಸಾಗರದಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ನಡೆಸುತ್ತೇನೆ. ಟೆಂಡರ್ ಹಾಕುವ ಸಣ್ಣ ಗುತ್ತಿಗೆದಾರರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ತೆರಿಗೆ ಲೆಕ್ಕ ನೋಡಿಕೊಳ್ಳುವವರು, ವಕೀಲರು ನನ್ನಲ್ಲಿಗೆ ಬರುತ್ತಾರೆ. ಇ-ಕೋರ್ಟ್ಸ್ ಯೋಜನೆಯಡಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಿಗೆ ಉಬುಂಟು ಬಂದ ಮೇಲೆ ನಮ್ಮ ಕಡೆಯ ಕೆಲವು ವಕೀಲರೂ ತಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನೇ ಇಟ್ಟುಕೊಂಡಿದ್ದಾರೆ. ಇವರೆಲ್ಲರ ಜೇಬಿನಲ್ಲಿಯೂ ಪೆನ್‌ಡ್ರೈವ್‌ನಷ್ಟು ದೊಡ್ಡ, ಡಿಜಿಟಲ್ ಸಹಿಯ ಗುಪ್ತ ಕೀಲಿಯಿರುವ ಟೋಕನ್ ಒಂದಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದರಿಂದ ಹಾಕಿದ ಸಹಿಗೆ ಕೈಯಿಂದ ಹಾಕಿದ ಸಹಿಯಷ್ಟೇ ಮಾನ್ಯತೆ. ಟೆಂಡರಿಗೆ ಬೀಳುವುದೂ ಇದೇ ಸಹಿ, ಕಂಪನಿಯ ವಾರ್ಷಿಕ ಪತ್ರಗಳಿಗೆ ಬೀಳುವುದೂ ಇದೇ ಸಹಿ. ಹಾಡು ಕೇಳುವ ಪ್ಲಗಿನ್ ಹಾಳಾದುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಅಂಕಣಕಾರರು ಗಮನಿಸಬೇಕಿತ್ತು.

ಈ ಪ್ಯಾಕೇಜುಗಳ ರಚನೆ ಸರಳವಾಗಿದೆ. ಬ್ರೌಸರಿನೊಳಗೆ ಒಂದು ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಜೋಡಿಸಿದ ಚಿಕ್ಕ ತಂತ್ರಾಂಶ, ಇರುತ್ತದೆ. ಅದು ತಾನೇ ಟೋಕನ್ ಮುಟ್ಟಲಾರದು. ಬ್ರೌಸರ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಹೊರಗೆ ಒಂದು ಚಿಕ್ಕ ಪ್ರೋಗ್ರಾಂ ಕುಳಿತಿರುತ್ತದೆ. ಸಹಿ ಹಾಕಬೇಕಾದ ದತ್ತಾಂಶವನ್ನು ಎಕ್ಸ್‌ಟೆನ್ಶನ್ ಅದಕ್ಕೆ ಕೊಡುತ್ತದೆ, ಅದು ಪಿನ್ ಕೇಳುತ್ತದೆ, ಟೋಕನ್‌ನಿಂದ ಸಹಿ ಮಾಡಿಸಿ ವಾಪಸ್ಸು ಕಳುಹಿಸುತ್ತದೆ. ಆ ಪ್ರೋಗ್ರಾಂ ಎಲ್ಲಿದೆ, ಅದನ್ನು ಯಾವ ಎಕ್ಸ್‌ಟೆನ್ಶನ್ ಕರೆಯಬಹುದು ಎಂಬುದನ್ನು ಬ್ರೌಸರಿಗೆ ತಿಳಿಸಲು ಜೆಸನ್ ಎಂಬ ಮಾದರಿಯಲ್ಲಿ ಬರೆದ, ಕೆಲವೇ ಸಾಲುಗಳ ಒಂದು ಫೈಲ್ ಬೇಕು. ಎಕ್ಸ್‌ಟೆನ್ಶನ್, ಪ್ರೋಗ್ರಾಂ, ಫೈಲ್ ಈ ಮೂರರಲ್ಲಿ ಯಾವುದು ಮುರಿದರೂ ಬಳಕೆದಾರರಿಗೆ ಕಾಣುವುದು 'ಟೋಕನ್ ಸಿಗಲಿಲ್ಲ' ಎಂಬ ಒಂದೇ ಮಾತು.

ಈಗ ಲಿಬ್‌ಎಸ್‌ಎಸ್‌ಎಲ್ ವಿಷಯ. ಅದು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಭಾಗ. ಆ ತಂತ್ರಾಂಶದ 1.1.1ನೇ ಆವೃತ್ತಿ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಸಾರ್ವಜನಿಕ ಬೆಂಬಲ ಮುಗಿದದ್ದು 2023ರ ಸೆಪ್ಟೆಂಬರ್ 11ರಂದು. ಉಬುಂಟು 22.04 ಮತ್ತು ಉಬುಂಟುವಿಗೆ ಆಧಾರವಾದ ಡೆಬಿಯನ್ ಲಿನಕ್ಸ್‌ನ 12ನೇ ಆವೃತ್ತಿ ಅದನ್ನು ಭಂಡಾರದಿಂದ ಕೈಬಿಟ್ಟು 3.0ಕ್ಕೆ ಹೋದವು. ಇದು ಅಲಕ್ಷ್ಯದಿಂದ ಆದದ್ದಲ್ಲ. ಭಂಡಾರ ನೋಡಿಕೊಳ್ಳುವವರು ಲೈಬ್ರರಿ ಬದಲಾಗುತ್ತದೆ ಎಂದು ಬಹಳ ಮೊದಲೇ ತಿಳಿಸಿ, ಅದನ್ನು ನೆಚ್ಚಿಕೊಂಡ ಭಂಡಾರದ ಪ್ಯಾಕೇಜುಗಳನ್ನು ಹೊಸದರ ಮೇಲೆ ಮತ್ತೆ ಕಟ್ಟಿ ಕೊಟ್ಟರು. ಭಂಡಾರದೊಳಗಿನ ಪ್ಯಾಕೇಜ್ ಬಳಸುತ್ತಿದ್ದವರಿಗೆ ಏನಾಯಿತೆಂದು ಗೊತ್ತೂ ಆಗಲಿಲ್ಲ. ತೊಂದರೆಗೆ ಸಿಕ್ಕಿದ್ದು, ಟೋಕನ್ ಮಾರುವವರ ಜಾಲತಾಣದಿಂದ ಒಂದು ಜಿಪ್ ಫೈಲ್ ಇಳಿಸಿಕೊಂಡು ಹಾಕಿಕೊಂಡವರು ಮಾತ್ರ.

ನಿಮ್ಮ ಅಂಕಣ ಹೇಳಿದಂತೆ ಹಳೆಯ ಲೈಬ್ರರಿಯನ್ನು ಕೈಯಾರೆ ಹಾಕಿದರೆ ಪ್ಲಗಿನ್ ಓಡುತ್ತದೆ, ಸುಳ್ಳಲ್ಲ. ಆದರೆ ಆ ಲೈಬ್ರರಿ ಹೊಸ ಉಬುಂಟುವಿನ ಯಾವ ಭಂಡಾರದಲ್ಲಿಯೂ ಇಲ್ಲವಾದ್ದರಿಂದ ಮುಂದೆ ಅದಕ್ಕೆ ಒಂದು ಅಪ್‌ಡೇಟ್ ಸಹ ಬರುವುದಿಲ್ಲ. ಹಾಕಿದ ದಿನ ಅದರಲ್ಲಿ ಇದ್ದ ತೂತುಗಳೂ ಆಮೇಲೆ ಪತ್ತೆಯಾದ ತೂತುಗಳೂ ಹಾಗೆಯೇ ಉಳಿಯುತ್ತವೆ. 2014ರ ಏಪ್ರಿಲ್‌ನಲ್ಲಿ ಇದೇ ಓಪನ್‌ಎಸ್‌ಎಸ್‌ಎಲ್‌ನ ಅಂದಿನ ಆವೃತ್ತಿಯಲ್ಲಿ 'ಹಾರ್ಟ್‌ಬ್ಲೀಡ್' ದೋಷ ಬಯಲಾದಾಗ, ಸರ್ವರುಗಳ ಸ್ಮರಣೆಯಲ್ಲಿದ್ದ ಗುಪ್ತ ಕೀಲಿಗಳನ್ನೂ ಪಾಸ್‌ವರ್ಡ್‌ಗಳನ್ನೂ ಹೊರಗಿನವರು ಓದಬಹುದಿತ್ತು. ಟೋಕನ್‌ನ ಕೀಲಿ ಚಿಪ್‌ನಿಂದ ಹೊರಗೆ ಬರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಅದು ಸರಿ. ಆದರೆ ಪಿನ್ ಹಾದುಹೋಗುವುದು ಈ ಪ್ರೋಗ್ರಾಂ ಮೂಲಕವೇ. ಪಿನ್ ಸಿಕ್ಕವನಿಗೆ, ಟೋಕನ್ ಗಣಕಕ್ಕೆ ಚುಚ್ಚಿಕೊಂಡಿರುವಷ್ಟು ಹೊತ್ತು, ಕೀಲಿ ಕದಿಯುವ ಅಗತ್ಯವೇ ಇಲ್ಲ.

ಬಲವಂತದ ಸ್ಥಾಪನೆ ಇನ್ನೂ ಕೆಟ್ಟದ್ದು. ಅವಲಂಬನೆ ಪೂರೈಸದ ಪ್ಯಾಕೇಜ್ ಒಂದು ಒಳಗೆ ಸೇರಿಕೊಂಡರೆ ಪ್ಯಾಕೇಜ್ ಸ್ಥಾಪಿಸುವ ಡಿಪಿಕೆಜಿ ಎಂಬ ಸಲಕರಣೆ ಒಪ್ಪಿಕೊಂಡರೂ, ಅದರ ಮೇಲೆ ಕುಳಿತು ಭಂಡಾರದಿಂದ ಅಪ್‌ಡೇಟ್ ತರುವ ಆಪ್ಟ್ ಒಪ್ಪುವುದಿಲ್ಲ. ಮೊದಲು ಮುರಿದದ್ದನ್ನು ಸರಿಪಡಿಸಿ ಎಂದು ಅದು ಎಲ್ಲ ಅಪ್‌ಡೇಟ್‌ಗಳನ್ನೂ ತಡೆಹಿಡಿಯುತ್ತದೆ. ಸರಿಪಡಿಸು ಎಂದರೆ ಸಹಿಯ ಪ್ಯಾಕೇಜನ್ನೇ ಕಿತ್ತುಹಾಕುತ್ತದೆ. ವಕೀಲೆಯೊಬ್ಬರು ಯಾರೋ ಹೇಳಿದಂತೆ ಹೀಗೆ ಮಾಡಿಕೊಂಡಿದ್ದ ಲ್ಯಾಪ್‌ಟಾಪನ್ನು ಈಚೆಗೆ ನನ್ನ ಬಳಿ ತಂದಿದ್ದರು. ಕ್ರೋಮ್ ತಿಂಗಳುಗಟ್ಟಲೆ ಹಳೆಯದಾಗಿತ್ತು, ವ್ಯವಸ್ಥೆಯ ತಿರುಳಾದ ಕರ್ನಲ್ ಹಳೆಯದಾಗಿತ್ತು, ಹೊಸ ಓಪನ್‌ಎಸ್‌ಎಸ್‌ಎಲ್ 3ರ ತಿದ್ದುಪಡಿಗಳೂ ಬಂದಿರಲಿಲ್ಲ. ಕೀಲಿ ಹೊಂದಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಕಕ್ಷಿದಾರರ ಕಾಗದಪತ್ರಗಳೆಲ್ಲ ಇದ್ದ ಯಂತ್ರ ಅದು. ಅವರ ಮುಖ ನೋಡಿದಾಗ ನನಗೆ ಬಂದ ಸಿಟ್ಟು ಅವರ ಮೇಲಲ್ಲ, ಹೀಗೆ ಮಾಡಿ ಎಂದು ಧೈರ್ಯವಾಗಿ ಹೇಳುವವರ ಮೇಲೆ.

ಅವರ ಸಹಿಯ ಪ್ಯಾಕೇಜನ್ನು ಬಿಚ್ಚಿ ನೋಡಿದೆ. ಉಬುಂಟು, ಡೆಬಿಯನ್‌ಗಳು ಬಳಸುವ ಡೆಬ್ ಮಾದರಿಯ ಪ್ಯಾಕೇಜನ್ನು ಬಿಚ್ಚಲು ಬೇಕಾದ ಸಲಕರಣೆ ಪ್ರತಿ ಉಬುಂಟುವಿನಲ್ಲಿಯೂ ಇದೆ. ಕಂಟ್ರೋಲ್ ಫೈಲಿನಲ್ಲಿ ಅವಲಂಬನೆಗಳ ಪಟ್ಟಿ, ಪಕ್ಕದಲ್ಲಿ ಸ್ಥಾಪನೆಯ ನಂತರ ಓಡುವ ಸ್ಕ್ರಿಪ್ಟ್, ಉಳಿದಂತೆ ಫೈಲುಗಳು. ಜೆಸನ್ ಫೈಲ್ ಕ್ರೋಮ್‌ನ ಫೋಲ್ಡರಿನಲ್ಲಿಯೂ ಇತ್ತು, ಫೈರ್‌ಫಾಕ್ಸ್‌ನ ಫೋಲ್ಡರಿನಲ್ಲಿಯೂ ಇತ್ತು. ಆದರೆ ಎರಡೂ ಒಂದೇ ಫೈಲಿನ ಪ್ರತಿಗಳು. ಕ್ರೋಮ್ 'ಅಲೋಡ್ ಒರಿಜಿನ್ಸ್' ಎಂಬ ಸಾಲನ್ನು ನೋಡುತ್ತದೆ, ಫೈರ್‌ಫಾಕ್ಸ್ 'ಅಲೋಡ್ ಎಕ್ಸ್‌ಟೆನ್ಶನ್ಸ್' ಎಂಬ ಸಾಲನ್ನು ಹುಡುಕುತ್ತದೆ. ಈ ಎರಡನೆಯ ಸಾಲು ಇಲ್ಲದ ಕಾರಣದಿಂದ ಫೈರ್‌ಫಾಕ್ಸ್‌ನಲ್ಲಿ ಈ ಪ್ಲಗಿನ್ ಯಾರಿಗೂ, ಯಾವತ್ತೂ ಓಡಿರಲು ಸಾಧ್ಯವಿಲ್ಲ. ಬಿಡುಗಡೆ ಮಾಡುವ ಮುನ್ನ ಒಮ್ಮೆ ತೆರೆದು ನೋಡಿದ್ದರೂ ತಿಳಿಯುತ್ತಿತ್ತು. ಇದನ್ನು ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ, ತಿದ್ದಿದೆ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿ ಓಡಿಸುವ ಪ್ಯಾಕೇಜಾಗಿ, ಬರುವುದರಿಂದ ಇನ್ನೊಂದು ತಡೆಯೂ ಇದೆ. ಬಿಡುಗಡೆಯಾದ ಹೊಸತರಲ್ಲಿ ಆ ಸ್ನ್ಯಾಪ್‌ಗೆ ಹೊರಗಿನ ಪ್ರೋಗ್ರಾಂ ಕರೆಯುವ ದಾರಿಯೇ ಇರಲಿಲ್ಲ. ಆಮೇಲೆ ಬಳಕೆದಾರರ ಅನುಮತಿ ಕೇಳಿ ಕರೆಯುವ ವ್ಯವಸ್ಥೆ ಸೇರಿತು. 2024ರ ಜನವರಿಯಿಂದ ಮೊಜಿಲ್ಲಾ ಸಂಸ್ಥೆಯೇ ಡೆಬ್ ಪ್ಯಾಕೇಜುಗಳ ತನ್ನದೇ ಭಂಡಾರದಲ್ಲಿ ಫೈರ್‌ಫಾಕ್ಸ್ ಕೊಡುತ್ತಿದೆ. ಟೋಕನ್ ಬಳಸುವವರಿಗೆ ಅದು ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಆದರೆ ಲೈಬ್ರರಿಯ ತೊಡಕನ್ನು ನಾನು ಬಿಡಿಸಲಾರೆ, ನಿಮ್ಮ ಅಂಕಣಕಾರರೂ ಬಿಡಿಸಲಾರರು. ಕಂಟ್ರೋಲ್ ಫೈಲಿನಲ್ಲಿ 1.1 ಎಂದಿರುವುದನ್ನು 3 ಎಂದು ತಿದ್ದಬಹುದು, ಆಪ್ಟ್ ಆಗ ಸುಮ್ಮನಾಗುತ್ತದೆ. ಪ್ರೋಗ್ರಾಂ ಸುಮ್ಮನಾಗುವುದಿಲ್ಲ. ಅದನ್ನು ಕಟ್ಟಿದ ದಿನವೇ ಹಳೆಯ ಲೈಬ್ರರಿಯ ಹೆಸರು ಅದರೊಳಗೆ ಬರೆದುಹೋಗಿದೆ, ಅದೇ ಹೆಸರಿನದು ಸಿಗದಿದ್ದರೆ ಶುರುವಾಗುವುದೇ ಇಲ್ಲ. ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಂ ಬರೆದವರ ಮೂಲ ಸಾಲುಗಳನ್ನು, ಹೊಸ ಲೈಬ್ರರಿಯೊಂದಿಗೆ ಮತ್ತೆ ಕಟ್ಟಬೇಕು, ಮತ್ತು ಮೂಲ ಸಂಕೇತ ಇರುವುದು ಮಾರಿದವರ ಬಳಿ ಮಾತ್ರ. ನನ್ನ ವಾದದ ತಿರುಳು ಇಷ್ಟೇ: ಈ ದುರಸ್ತಿ ಪ್ಯಾಕೇಜ್ ಕಟ್ಟಿದವರ ಕೈಯಲ್ಲಿದೆ. ಅವರು ಮಾಡದೆ ಬಿಟ್ಟ ಕೆಲಸದ ಅಪಾಯವನ್ನು ಬಳಕೆದಾರರ ತಲೆಗೆ ಕಟ್ಟುವ ಸಲಹೆಯನ್ನು ಪತ್ರಿಕೆ ಕೊಡಬಾರದು.

ಲಿನಕ್ಸ್‌ನಲ್ಲಿ ಇಂಥದ್ದು ಮೊದಲ ಸಲವಲ್ಲ. ಬ್ರೌಸರಿನಲ್ಲಿ ವಿಡಿಯೋ, ಆಟಗಳನ್ನು ಓಡಿಸುತ್ತಿದ್ದ ಅಡೋಬಿ ಕಂಪನಿಯ ಫ್ಲ್ಯಾಶ್ ಪ್ಲಗಿನ್‌ಗೆಂದು ಡೆಬಿಯನ್‌ನಲ್ಲಿ ಒಂದು ಪ್ಯಾಕೇಜ್ ಇತ್ತು. ಅದರೊಳಗೆ ಫ್ಲ್ಯಾಶ್ ಇರಲಿಲ್ಲ. ಹಂಚಲು ಪರವಾನಗಿ ಇರಲಿಲ್ಲವಾದ್ದರಿಂದ, ಸ್ಥಾಪನೆಯ ಹೊತ್ತಿನಲ್ಲಿ ಅಡೋಬಿಯ ತಾಣದಿಂದ ಫೈಲನ್ನು ಎಳೆದು ತರುವ ಸ್ಕ್ರಿಪ್ಟ್ ಮಾತ್ರ ಇತ್ತು. ಅಡೋಬಿ ಫೈಲನ್ನು ಬದಲಿಸಿತೆಂದರೆ ಬಂದದ್ದು ಅದೇ ಫೈಲ್ ಎಂದು ಖಚಿತಪಡಿಸುವ ತಾಳೆಯ ಸಂಖ್ಯೆ ಹೊಂದುತ್ತಿರಲಿಲ್ಲ, ಸ್ಥಾಪನೆ ಅರ್ಧಕ್ಕೆ ನಿಲ್ಲುತ್ತಿತ್ತು. ಆಗಲೂ ತಾಳೆ ನೋಡುವ ಸಾಲನ್ನೇ ಅಳಿಸಿಬಿಡಿ ಎಂದು ಉಪದೇಶಿಸುವವರು ಇದ್ದರು. ಪ್ಯಾಕೇಜ್ ನೋಡಿಕೊಳ್ಳುವವರು ಹಾಗೆ ಮಾಡಲಿಲ್ಲ, ಹೊಸ ಸಂಖ್ಯೆ ಪರಿಶೀಲಿಸಿ ಕೊಡುವವರೆಗೆ ಕಾಯಿಸಿದರು. ಅದು ಸರಿಯಾದ ನಡೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಬೆಂಬಲವೇ ಮುಗಿಯಿತು, ಪ್ಯಾಕೇಜೂ ಮರೆಗೆ ಸರಿಯಿತು.

ಭಂಡಾರದವರು ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ 2006ರಲ್ಲಿ ಡೆಬಿಯನ್‌ನಲ್ಲಿಯೇ ಮಾಡಿದ ಒಂದು ತಿದ್ದುಪಡಿಯಿಂದ ಅದು ತಯಾರಿಸುವ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾಗಿದ್ದವು; ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಬಹಳ ಗಂಭೀರವಾದ ತಪ್ಪು. ಆದರೆ ಯಾವ ಸಾಲು ಬದಲಾಯಿತು, ಏಕೆ ಬದಲಾಯಿತು ಎಂಬುದೆಲ್ಲ ಇಂದಿಗೂ ಯಾರು ಬೇಕಾದರೂ ಓದಬಹುದು. ದೋಷ ಬಯಲಾದಾಗ ತಿದ್ದಿದ ಪ್ಯಾಕೇಜಿನ ಜೊತೆಗೆ ದುರ್ಬಲ ಕೀಲಿಗಳನ್ನು ಗುರುತಿಸುವ ಸಲಕರಣೆಯನ್ನೂ ಕೊಟ್ಟರು. ನಮ್ಮ ಸಹಿಯ ಪ್ಯಾಕೇಜುಗಳ ಒಳಗೆ ಏನಿದೆ ಎಂದು ಹೀಗೆ ನೋಡುವವರು ಯಾರು? ಸ್ಥಾಪಿಸಲಾಗದ ಪ್ಯಾಕೇಜನ್ನು ಡೆಬಿಯನ್ ಗಂಭೀರ ದೋಷವೆಂದು ದಾಖಲಿಸುತ್ತದೆ, ತಿದ್ದದಿದ್ದರೆ ಮುಂದಿನ ಆವೃತ್ತಿಯಿಂದ ಹೊರಗಿಡುತ್ತದೆ. ಕನ್ನಡದ ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳೂ (ಫಾಂಟ್) ಇದೇ ಕಟ್ಟುಪಾಡಿಗೆ ಒಳಪಟ್ಟು ಆ ಭಂಡಾರದಲ್ಲಿವೆ. ಸರ್ಕಾರಿ ಕೆಲಸಕ್ಕೆ ಬೇಕಾದ ಸಹಿಯ ತಂತ್ರಾಂಶಕ್ಕೆ ಅಷ್ಟೂ ಕಟ್ಟುಪಾಡು ಇಲ್ಲವೆಂದರೆ ಹೇಗೆ?

ಕೇಂದ್ರ ಸರ್ಕಾರ 2015ರಲ್ಲಿಯೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದೆ. ಡೆಬಿಯನ್ ಆಧಾರದ ಮೇಲೆ ಬಾಸ್ ಲಿನಕ್ಸ್ ಎಂಬುದನ್ನು ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕಟ್ಟಿದೆ. ಹೀಗಿರುವಾಗ ಇಲಾಖೆಗಳು ತಮ್ಮ ಜಾಲತಾಣಕ್ಕೆ ಸಹಿಯ ಪ್ಲಗಿನ್ ಮಾಡಿಸಿಕೊಳ್ಳುವ ಕರಾರಿನಲ್ಲಿಯೇ ಮೂಲ ಸಂಕೇತವನ್ನು ಕೇಳಿ ಪಡೆಯಬೇಕು. ಅದಾಗದಿದ್ದರೆ ಉಬುಂಟುವಿನ ದೀರ್ಘಾವಧಿಯ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬಂದಾಗಲೆಲ್ಲ ಪ್ಯಾಕೇಜನ್ನು ಹೊಸದಾಗಿ ಕಟ್ಟಿಕೊಡುವ ಹೊಣೆಯನ್ನಾದರೂ ಬರೆಸಿಕೊಳ್ಳಬೇಕು. ಜಿಪ್ ಫೈಲಿನ ಬದಲು, ಕಟ್ಟಿದವರ ಡಿಜಿಟಲ್ ಸಹಿಯಿಂದ ದೃಢಪಟ್ಟ ಭಂಡಾರ ಬೇಕು. ಆಗ ತಿದ್ದುಪಡಿ ತಾನಾಗಿ ಎಲ್ಲರನ್ನೂ ತಲುಪುತ್ತದೆ. ನಿಮ್ಮ ವರದಿಗಾರರು ಈ ಪ್ರಶ್ನೆಯನ್ನು ಇಲಾಖೆಗಳ ಮುಂದೆ ಇಟ್ಟರೆ ಅಂಕಣದ ಹತ್ತು ಉತ್ತರಗಳಿಗಿಂತ ಹೆಚ್ಚು ಉಪಕಾರವಾಗುತ್ತದೆ.

ಅಂಕಣದ ಸಲಹೆ ಪಾಲಿಸಿದವರಿಗೆ: ಮೊದಲು ಸಹಿಯ ಪ್ಯಾಕೇಜನ್ನು, ಆಮೇಲೆ ಕೈಯಾರೆ ಹಾಕಿದ ಲಿಬ್‌ಎಸ್‌ಎಸ್‌ಎಲ್ 1.1 ಅನ್ನು ತೆಗೆಯಿರಿ. ಮುರಿದದ್ದನ್ನು ಸರಿಪಡಿಸುವ ಆಪ್ಟ್ ಕಮಾಂಡ್ ಕೊಟ್ಟು, ನಂತರ ಎಲ್ಲ ಅಪ್‌ಡೇಟ್‌ಗಳನ್ನೂ ಹಾಕಿಕೊಳ್ಳಿ. ಭಂಡಾರದಲ್ಲಿರುವ ಓಪನ್‌ಎಸ್‌ಸಿ ಪ್ಯಾಕೇಜ್ ಕೆಲವು ಟೋಕನ್‌ಗಳನ್ನು ತಾನೇ ಗುರುತಿಸುತ್ತದೆ, ನಿಮ್ಮದು ಅದರಲ್ಲಿದೆಯೇ ಎಂದು ಪರೀಕ್ಷಿಸಿ. ಇರದಿದ್ದರೆ ಸಹಿಗೆಂದೇ ಒಂದು ಬೇರೆ ಗಣಕವನ್ನು, ಬೇರೇನೂ ತೆರೆಯದಂತೆ, ಮೀಸಲಿಡಿ. ಖರ್ಚಿನ ಮಾತು ಎಂದು ಗೊತ್ತಿದೆ. ನಮ್ಮ ಕಡೆಯ ಸಂಘವೊಂದು ಹಳೆಯ ಯಂತ್ರವನ್ನೇ ಹೀಗೆ ಬಳಸುತ್ತಿದೆ. ಟೋಕನ್ ಮಾರಿದವರಿಗೆ ದೂರನ್ನು ಬರಹದಲ್ಲಿಯೇ ಕೊಡಿ, ಉಬುಂಟುವಿನ ಆವೃತ್ತಿಯನ್ನೂ ಪರದೆಯ ಮೇಲೆ ಬಂದ ಸಂದೇಶವನ್ನೂ ಇದ್ದಂತೆಯೇ ಬರೆಯಿರಿ.

ಜೆಸನ್ ಫೈಲಿನ ತಿದ್ದುಪಡಿಯನ್ನು ನಾನು ಆ ಪ್ಯಾಕೇಜ್ ತಯಾರಿಸಿದವರಿಗೆ ಕಳುಹಿಸಿದ್ದೇನೆ. ಉತ್ತರ ಬಂದಿಲ್ಲ. ತಂತ್ರಜ್ಞಾನ ಪುಟದ ಮುಂದಿನ ಸಂಚಿಕೆಯಲ್ಲಿ, ಮೊದಲಿನ ಉತ್ತರ ಬಂದ ಜಾಗದಲ್ಲಿಯೇ, ಅದೇ ಅಳತೆಯ ಅಕ್ಷರಗಳಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ್ತಿ, ಸಾಗರ