ಗಡಿ ದಾಟದ ಸಂಶೋಧನಾ ಅನುದಾನ

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕುಂಬಳೆ ಸೀಮೆಯ ಮನೆಗಳ ಅಟ್ಟದಲ್ಲಿರುವ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಹುಡುಕಿ ಸ್ಕ್ಯಾನ್ ಮಾಡಿಡುವ ಸಣ್ಣ ಯೋಜನೆ ನನ್ನದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕೆಲಸ, ಅನುದಾನ ಸಿಕ್ಕೀತು ಅಂದುಕೊಂಡಿದ್ದೆ. ಕರ್ನಾಟಕದ ಸಂಸ್ಥೆಯೊಂದರಲ್ಲಿ ವಾಸಸ್ಥಳದ ಪತ್ರ ಕೇಳಿದರು. ನಮ್ಮ ವಿಲೇಜ್ ಆಫೀಸಿನ ಮಲಯಾಳಂ ಸೀಲು ಕಂಡದ್ದೇ ತಡ, ‘ನೀವು ಕೇರಳದವರಲ್ವಾ?’ ಎಂದು ಗುಮಾಸ್ತರು ಫೈಲು ಮುಚ್ಚಿದರು. ಕೇರಳದಲ್ಲಿ ಕೇಳಿದರೆ ಸಂದರ್ಶನ ತಿರುವನಂತಪುರದಲ್ಲಿ. ರಾತ್ರಿಯಿಡೀ ರೈಲಲ್ಲಿ ಕುಳಿತು ಹೋದೆ. ಆಯ್ಕೆ ಸಮಿತಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ನಾನು ಒಯ್ದ ಹಾಳೆಯನ್ನು ಒಬ್ಬರು ತಲೆಕೆಳಗಾಗಿ ಹಿಡಿದು ನೋಡಿದರು!

ತೆಂಗು, ಅಡಿಕೆಗೆ ಈ ತಾಪತ್ರಯವಿಲ್ಲ. 1916ರಲ್ಲೇ ಶುರುವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರವೇ ಇಂದಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ). ದುಡ್ಡು ಕೇಂದ್ರದ್ದು, ರಾಜ್ಯ ಯಾವುದೆಂದು ಯಾರೂ ಕೇಳುವುದಿಲ್ಲ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಗಡಿಗೆರೆ ಅಡ್ಡ ಬರುವುದು ಭಾಷೆಯ ಕೆಲಸಕ್ಕೆ ಮಾತ್ರ.

ಕರ್ನಾಟಕದ ಅಕಾಡೆಮಿ, ವಿಶ್ವವಿದ್ಯಾಲಯಗಳು ಅರ್ಜಿದಾರರ ವಿಳಾಸಕ್ಕಿಂತ ವಿಷಯವನ್ನು ನೋಡಲಿ. ಕನ್ನಡದ ಅರ್ಜಿ ಬಂದಾಗ ಕೇರಳದವರು ಕನ್ನಡ ಬಲ್ಲ ಒಬ್ಬರನ್ನಾದರೂ ಕೂರಿಸಲಿ. ಕಳೆದ ಮಳೆಗಾಲದಲ್ಲಿ ಒಂದು ಮನೆಯ ಎರಡು ಕಟ್ಟು ಪ್ರತಿಗಳು ಒರಲೆಯ ಪಾಲಾದವು. ಅವುಗಳ ಮೊದಲ ಪುಟದ ಫೋಟೊ ಮಾತ್ರ ನನ್ನ ಮೊಬೈಲಿನಲ್ಲಿದೆ.

– ಸಂಶೋಧನಾ ವಿದ್ಯಾರ್ಥಿ, ಬದಿಯಡ್ಕ